ಅಂಗಡಿ ಬೋರ್ಡ್ ಹಾಕಿಸ್ತಿದ್ದೀರಾ? ಮುಖ ನೋಡಿದ್ರೆ ಸಾಲದು, ಬೆನ್ನೂ ನೋಡಿ

ಶಿವಮೊಗ್ಗ: ಹೊಸದಾಗಿ ಅಂಗಡಿ ಹಾಕೋರು ಬಾಡಿಗೆ, ಅಡ್ವಾನ್ಸ್, ರ‍್ಯಾಕು, ಸಾಮಾನು ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕ್ತಾರೆ. ಬೋರ್ಡ್ ನೆನಪಾಗೋದು ಮಾತ್ರ ಓಪನಿಂಗ್ ಪೂಜೆಗೆ ಎರಡು ದಿನ ಇದೆ ಅನ್ನುವಾಗ. ‘ಸದ್ಯಕ್ಕೆ ಏನಾದ್ರೂ ಒಂದು ಹಾಕ್ಬಿಡಿ, ಆಮೇಲೆ ನೋಡೋಣ’ ಎಂದು ಹಾಕಿಸಿದ ಬೋರ್ಡೇ ಐದಾರು ವರ್ಷ ಅಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಅದರ ಬಣ್ಣ ಹೋಗಿರುತ್ತದೆ, ಮೂಲೆ ಹರಿದಿರುತ್ತದೆ, ಹಿಂದಿನ ಕಬ್ಬಿಣ ತುಕ್ಕು ಹಿಡಿದಿರುತ್ತದೆ.

ಬೋರ್ಡ್ ಹಾಳಾದರೆ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ. ಕಳಚಿ ಬಿದ್ದರೆ ಕೆಳಗೆ ನಡೆದು ಹೋಗುವವರ ಜೀವಕ್ಕೇ ಕುತ್ತು. ನಮ್ಮ ಜಿಲ್ಲೆಯಲ್ಲಂತೂ ಬೋರ್ಡ್‌ಗೆ ಎರಡು ಪರೀಕ್ಷೆ. ಭದ್ರಾವತಿ, ಶಿಕಾರಿಪುರದ ಕಡೆ ಬೇಸಿಗೆಯ ಬಿಸಿಲು ಜೋರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಒಂದೂರಿನಲ್ಲಿ ಚೆನ್ನಾಗಿ ಬಾಳಿಕೆ ಬಂದ ಬೋರ್ಡ್ ಇನ್ನೊಂದೂರಿನಲ್ಲಿ ಎರಡೇ ವರ್ಷಕ್ಕೆ ಕೈ ಕೊಡಬಹುದು. ಹಾಗಾಗಿ ಯಾವ ಬೋರ್ಡ್ ಯಾವುದರಿಂದ ಮಾಡಿರುತ್ತಾರೆ, ಎಲ್ಲಿಗೆ ಯಾವುದು ಸರಿ ಎನ್ನುವುದನ್ನು ತಿಳಿದುಕೊಂಡು ಆರ್ಡರ್ ಕೊಡುವುದು ಒಳ್ಳೆಯದು.

ಒಂದು ಬೋರ್ಡ್, ಮೂರು ಭಾಗ

ಅಂಗಡಿ ಮುಂದಿನ ಬೋರ್ಡನ್ನು ಮುಖ, ಬೆನ್ನು, ಬೆಳಕು ಎಂದು ಮೂರು ಭಾಗ ಮಾಡಬಹುದು. ಮುಖ ಅಂದ್ರೆ ಹೆಸರು ಕಾಣುವ ಹಾಳೆ ಮತ್ತು ಅಕ್ಷರ. ಬೆನ್ನು ಅಂದ್ರೆ ಅದನ್ನು ಹಿಡಿದಿಡುವ ಚೌಕಟ್ಟು, ಬೋಲ್ಟು, ಗೋಡೆಯ ಹಿಡಿತ. ಬೆಳಕು ಅಂದ್ರೆ ಒಳಗಿನ ಎಲ್‌ಇಡಿ, ವೈರು, ಕರೆಂಟ್ ಸಂಪರ್ಕ.

ಗಿರಾಕಿ ನೋಡೋದು ಮುಖ. ಅದಕ್ಕೇ ಅಂಗಡಿಯವರು ಅಲ್ಲಿ ಖರ್ಚು ಮಾಡಿ, ಬೆನ್ನಿನಲ್ಲಿ ಉಳಿಸೋಕೆ ನೋಡ್ತಾರೆ. ಆದರೆ ಗಾಳಿ, ಮಳೆ ಮೊದಲು ಕೈಹಾಕೋದು ಬೆನ್ನಿಗೆ.

ಕೈಬರಹದ ತಗಡು, ಗೋಡೆ ಬರಹ

ಫ್ಲೆಕ್ಸ್ ಬರುವ ಮುಂಚೆ ಪೇಟೆಯಲ್ಲಿದ್ದುದೆಲ್ಲ ಪೇಂಟರ್‌ಗಳ ಕೈಬರಹ. ಮರದ ಚೌಕಟ್ಟಿಗೆ ತಗಡು ಹೊಡೆದು, ಎನಾಮಲ್ ಬಣ್ಣದಲ್ಲಿ ಹೆಸರು ಬರೆದು, ಮೂಲೆಯಲ್ಲಿ ಸಣ್ಣದಾಗಿ ಯಾರದ್ದೋ ‘ಆರ್ಟ್ಸ್’ ಅಂತ ಸಹಿ ಹಾಕಿರುತ್ತಿದ್ದರು. ಅಂಥ ಬೋರ್ಡ್‌ಗಳು ಹಳೇ ಕಿರಾಣಿ ಅಂಗಡಿ, ಹೋಟೆಲ್, ಸೈಕಲ್ ಶಾಪ್‌ಗಳಲ್ಲಿ ಇನ್ನೂ ಸಿಗುತ್ತವೆ.

ಇದರ ದೊಡ್ಡ ಗುಣ ಏನೆಂದರೆ ರಿಪೇರಿ ಮಾಡಬಹುದು. ಬಣ್ಣ ಮಾಸಿದರೆ ಅದರ ಮೇಲೆಯೇ ಮತ್ತೆ ಬರೆಸಬಹುದು, ಫೋನ್ ನಂಬರ್ ಬದಲಾದರೆ ಅಷ್ಟನ್ನೇ ತಿದ್ದಿಸಬಹುದು. ಬಿಸಾಡುವ ಪ್ರಶ್ನೆಯೇ ಬರುವುದಿಲ್ಲ. ತಗಡು ಸತು ಲೇಪಿತ ಅಂದರೆ ಜಿಐ ಆಗಿದ್ದು, ಬಣ್ಣಕ್ಕೆ ಮುಂಚೆ ಪ್ರೈಮರ್ ಬಿದ್ದಿದ್ದರೆ ಮಲೆನಾಡಿನ ಮಳೆಯನ್ನೂ ತಡೆಯುತ್ತದೆ. ತುಕ್ಕು ಶುರುವಾಗೋದು ಮೊಳೆ ಹೊಡೆದ ತೂತು ಮತ್ತು ಕತ್ತರಿಸಿದ ಅಂಚಿನಲ್ಲಿ. ಅಲ್ಲಿಗೆ ಎರಡು ಕೋಟ್ ಜಾಸ್ತಿ ಬಣ್ಣ ಬೇಕು.

ಹಳ್ಳಿ ರಸ್ತೆಯಲ್ಲಿ ಸಿಮೆಂಟ್, ರಸಗೊಬ್ಬರ, ಬಿತ್ತನೆ ಬೀಜದ ಕಂಪನಿಗಳು ಈಗಲೂ ಗೋಡೆ ಬರೆಸುತ್ತವೆ. ಗೋಡೆ ಬರಹ ಹಾರಿ ಹೋಗಲ್ಲ, ಹರಿಯಲ್ಲ, ಕರೆಂಟ್ ಬೇಡ. ಹೊರಗೋಡೆಗೆ ಹಾಕುವ ಎಮಲ್ಷನ್ ಬಳಸಿರಬೇಕು, ಗೋಡೆ ಒಣಗಿರಬೇಕು, ಮಾಲೀಕರ ಒಪ್ಪಿಗೆ ಇರಬೇಕು. ಒದ್ದೆ ಗೋಡೆಗೆ ಬರೆದರೆ ಪಾಚಿ ಕಟ್ಟಿ ಬಣ್ಣ ಸಿಪ್ಪೆಯ ಹಾಗೆ ಏಳುತ್ತದೆ.

ಫ್ಲೆಕ್ಸ್: ಅಗ್ಗ ಹೌದು, ಆದರೆ...

ಫ್ಲೆಕ್ಸ್ ಅಂದ್ರೆ ಬಟ್ಟೆ ಅಲ್ಲ. ಪಾಲಿಯೆಸ್ಟರ್ ನೂಲಿನ ಬಲೆಯ ಎರಡೂ ಕಡೆ ಪಿವಿಸಿ ಪ್ಲಾಸ್ಟಿಕ್ ಮೆತ್ತಿದ ಹಾಳೆ. ಬೆಳಿಗ್ಗೆ ಹೇಳಿದರೆ ಸಂಜೆಗೆ ಪ್ರಿಂಟ್ ಆಗಿ ಕೈಗೆ ಬರುತ್ತದೆ, ಚದರ ಅಡಿ ಲೆಕ್ಕದಲ್ಲಿ ಬೇರೆಲ್ಲದಕ್ಕಿಂತ ಅಗ್ಗ. ಬೆಳಕು ಮುಂದಿನಿಂದ ಬೀಳುವ ಬೋರ್ಡ್‌ಗೆ ಫ್ರಂಟ್‌ಲಿಟ್, ಒಳಗಿನಿಂದ ಬೆಳಗುವ ಪೆಟ್ಟಿಗೆಗೆ ಬ್ಯಾಕ್‌ಲಿಟ್ ಎಂದು ಎರಡು ಬಗೆ. ಹಾಳೆಯ ದಪ್ಪವನ್ನು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರ್ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕದಲ್ಲಿ ಹೇಳುತ್ತಾರೆ. ಜಿಎಸ್‌ಎಂ ಕೇಳದೆ ರೇಟ್ ಮಾತ್ರ ಕೇಳಿದರೆ ತೆಳು ಹಾಳೆ ಬರುವ ಸಾಧ್ಯತೆಯೇ ಹೆಚ್ಚು.

ಬಿಸಿಲಿಗೆ ಬಿದ್ದ ಹಳೇ ಫ್ಲೆಕ್ಸ್ ನೀಲಿ ನೀಲಿಯಾಗಿ ಕಾಣುವುದನ್ನು ಎಲ್ಲರೂ ನೋಡಿರುತ್ತಾರೆ. ಅದಕ್ಕೆ ಕಾರಣ ಇದೆ. ಪ್ರಿಂಟಿಂಗ್‌ನ ನಾಲ್ಕು ಶಾಯಿಗಳಲ್ಲಿ ಹಳದಿ ಮತ್ತು ಕೆಂಪು ಛಾಯೆಯ ಮಜೆಂಟಾ ಬಿಸಿಲಿಗೆ ಬೇಗ ಮಾಸುತ್ತವೆ. ನೀಲಿ, ಕಪ್ಪು ಹೆಚ್ಚು ದಿನ ನಿಲ್ಲುತ್ತವೆ. ಆದ್ದರಿಂದ ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯವರು ಕೆಂಪು ಅಕ್ಷರದ ಫ್ಲೆಕ್ಸ್ ಹಾಕಿಸಿದರೆ ಮೊದಲು ಅಳಿಸಿ ಹೋಗೋದು ಅಂಗಡಿಯ ಹೆಸರೇ.

ಕಾನೂನಿನ ಮಾತೂ ಇದೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಕೈಚೀಲ, ತಟ್ಟೆ, ಲೋಟದ ಜೊತೆ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ಸ್, ಫ್ಲೆಕ್ಸ್ ಕೂಡ ಸೇರಿದೆ. ಕೇಂದ್ರದ ನಿಯಮದಂತೆ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗೆ ದೇಶದಾದ್ಯಂತ ನಿಷೇಧವಿದೆ. ಆದರೂ ಹುಟ್ಟುಹಬ್ಬದಿಂದ ಹಿಡಿದು ಶ್ರದ್ಧಾಂಜಲಿವರೆಗೆ ಫ್ಲೆಕ್ಸ್ ಬೀದಿಯಲ್ಲಿ ಕಾಣುತ್ತಲೇ ಇದೆ. ಹಳೆಯದನ್ನು ತೋಟದಲ್ಲೋ ಕಸದ ಗುಂಡಿಯಲ್ಲೋ ಸುಡುವುದಂತೂ ಬೇಡವೇ ಬೇಡ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷವಸ್ತುಗಳು ಹೊಗೆಯಲ್ಲಿ ಸೇರುತ್ತವೆ.

ನಾಲ್ಕು ದಿನದ ಮೇಳ, ಸೇಲ್, ಜಾತ್ರೆಗೆ ಬಟ್ಟೆ ಬ್ಯಾನರ್ ಸಾಕು. ಹತ್ತಿ ಬಟ್ಟೆ ಮೇಲೆ ಕೈಬರಹವನ್ನೂ ಮಾಡಿಸಬಹುದು, ಪ್ರಿಂಟನ್ನೂ ಹಾಕಿಸಬಹುದು.

ವಿನೈಲ್, ಸನ್‌ಬೋರ್ಡ್: ಒಳಗೆ ಸೈ, ಹೊರಗೆ ಅಲ್ಲ

ವಿನೈಲ್ ಅಂದ್ರೆ ಹಿಂದೆ ಅಂಟು ಇರುವ ಪ್ಲಾಸ್ಟಿಕ್ ಹಾಳೆ. ಗಾಜಿನ ಬಾಗಿಲು, ಫ್ರಿಜ್, ಡೆಲಿವರಿ ವಾಹನಕ್ಕೆ ಅಂಟಿಸುವುದು ಇದನ್ನೇ. ಸನ್‌ಬೋರ್ಡ್ ಅಂದ್ರೆ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಹಗುರ ಪಿವಿಸಿ ಹಲಗೆ. ಅದರ ಮೇಲೆ ವಿನೈಲ್ ಪ್ರಿಂಟ್ ಅಂಟಿಸಿದರೆ ದರಪಟ್ಟಿ, ಮೆನು, ‘ಸಾಲ ಕೇಳಬೇಡಿ’ ಬೋರ್ಡ್ ಎಲ್ಲ ರೆಡಿ. ಅಂಗಡಿ ಒಳಗೆ ಇದಕ್ಕಿಂತ ಸುಲಭದ್ದು ಇಲ್ಲ. ಹೊರಗೆ ಬಿಸಿಲಿಗೆ ಇಟ್ಟರೆ ಹಲಗೆ ಬಾಗುತ್ತದೆ, ವಿನೈಲ್ ಅಂಚು ಏಳುತ್ತದೆ.

ಗಾಜಿಗೆ ಪೂರ್ತಿ ಜಾಹೀರಾತು ಬೇಕು, ಆದರೆ ಒಳಗಿನಿಂದ ಹೊರಗೆ ಕಾಣಬೇಕು ಅನ್ನೋರಿಗೆ ಒನ್ ವೇ ವಿಷನ್ ಇದೆ. ಸಣ್ಣ ತೂತುಗಳಿರುವ ಹಾಳೆ ಅದು. ಹಗಲು ಹೊರಗಿನವರಿಗೆ ಚಿತ್ರ ಕಾಣುತ್ತದೆ, ಒಳಗಿನವರಿಗೆ ರಸ್ತೆ ಕಾಣುತ್ತದೆ. ರಾತ್ರಿ ಒಳಗೆ ದೀಪ ಹಾಕಿದರೆ ಲೆಕ್ಕ ಉಲ್ಟಾ: ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಟೈಲರ್ ಅಂಗಡಿ, ಪಾರ್ಲರ್‌ನವರು ಇದನ್ನು ನೆನಪಿಡಬೇಕು.

ಎಸಿಪಿ, ಅಕ್ರಿಲಿಕ್, ಸ್ಟೀಲ್ ಅಕ್ಷರ

ದುರ್ಗಿಗುಡಿ, ನೆಹರೂ ರಸ್ತೆಯಂಥ ವ್ಯಾಪಾರದ ಬೀದಿಗಳಲ್ಲಿ ಹೊಸ ಅಂಗಡಿಗಳ ಮುಂದೆ ಕಾಣುವ ನುಣುಪಾದ ಹಲಗೆ ಎಸಿಪಿ. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತುಂಬಿ ಮಾಡಿದ್ದು. ದಪ್ಪ ಸಾಮಾನ್ಯವಾಗಿ 3 ಅಥವಾ 4 ಮಿ.ಮೀ., ಹಾಳೆ 8 ಅಡಿಗೆ 4 ಅಡಿ. ತುಕ್ಕು ಹಿಡಿಯಲ್ಲ, ನೀರು ಕುಡಿಯಲ್ಲ. ಆದರೆ ಎಲ್ಲ ಎಸಿಪಿಯೂ ಒಂದೇ ಅಲ್ಲ. ಹೊರಗೋಡೆಗೆ ಪಿವಿಡಿಎಫ್ ಲೇಪನದ್ದು ಬೇಕು. ಒಳಾಂಗಣಕ್ಕೆಂದು ಬರುವ ಪಾಲಿಯೆಸ್ಟರ್ ಲೇಪನದ್ದನ್ನು ಹೊರಗೆ ಹಾಕಿದರೆ ಬಣ್ಣ ಬೇಗ ಮಂಕಾಗುತ್ತದೆ. ಒಳಗಿನ ಪ್ಲಾಸ್ಟಿಕ್ ಬೆಂಕಿ ಹಿಡಿಯುವಂಥದ್ದು. ಹೋಟೆಲ್‌ನ ಒಲೆಯ ಹೊಗೆ ಕೊಳವೆಗೆ, ಟ್ರಾನ್ಸ್‌ಫಾರ್ಮರ್‌ಗೆ ತಾಗಿಕೊಂಡು ಇದನ್ನು ಹಾಕಬಾರದು.

ಎಸಿಪಿ ಮೇಲೆ ಎದ್ದು ನಿಲ್ಲುವ ಅಕ್ಷರಗಳು ಹೆಚ್ಚಾಗಿ ಅಕ್ರಿಲಿಕ್‌ನವು. ಗಾಜಿನ ಹಾಗೆ ಹೊಳೆಯುತ್ತವೆ, ಬೆಳಕು ಬಿಡುತ್ತವೆ. ಅಕ್ರಿಲಿಕ್ ಶಾಖಕ್ಕೆ ಚೆನ್ನಾಗಿ ಹಿಗ್ಗುತ್ತದೆ: 8 ಅಡಿ ಉದ್ದದ ಹಾಳೆ, ತಾಪಮಾನ 30 ಡಿಗ್ರಿ ಏರಿದರೆ ಸುಮಾರು 5 ಮಿ.ಮೀ. ಬೆಳೆಯುತ್ತದೆ. ಸ್ಕ್ರೂ ತೂತು ಬಿಗಿಯಾಗಿದ್ದರೆ ಹಿಗ್ಗಲು ಜಾಗವಿಲ್ಲದೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ಕೆಲಸ ಗೊತ್ತಿರುವವರು ತೂತನ್ನು ಸ್ಕ್ರೂಗಿಂತ ಸ್ವಲ್ಪ ದೊಡ್ಡದಾಗೇ ಕೊರೆಯುತ್ತಾರೆ.

ಚಿನ್ನದ ಬಣ್ಣದ ಸ್ಟೀಲ್ ಅಕ್ಷರ ಜ್ಯುವೆಲರಿ, ಆಸ್ಪತ್ರೆ, ಕಲ್ಯಾಣ ಮಂಟಪಗಳಲ್ಲಿ ಹೆಚ್ಚು. ಇಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ: ಯಾವ ಗ್ರೇಡ್? 304 ಗ್ರೇಡ್ ಮಳೆ ತಡೆಯುತ್ತದೆ. 202 ಗ್ರೇಡ್ ಅಗ್ಗ, ಆದರೆ ಸತತ ಮಳೆಗೆ ಕಂದು ಚುಕ್ಕೆ ಬರುತ್ತದೆ. ಹೊಸದರಲ್ಲಿ ಎರಡೂ ನೋಡೋಕೆ ಒಂದೇ ಥರ ಇರುವುದರಿಂದ ಗ್ರೇಡನ್ನು ಬಿಲ್‌ನಲ್ಲಿ ಬರೆಸಿಕೊಳ್ಳುವುದು ಜಾಣತನ.

ರಾತ್ರಿ ಕಾಣಬೇಕು ಅಂದ್ರೆ

ಬೆಳಗ್ಗೆ ತೆಗೆದು ಸಂಜೆ ಏಳಕ್ಕೆ ಬಾಗಿಲು ಹಾಕುವ ಅಂಗಡಿಗೆ ದೀಪದ ಬೋರ್ಡ್ ಅಷ್ಟೇನೂ ಬೇಕಾಗಿಲ್ಲ. ಮೇಲಿನಿಂದ ಒಂದು ಫೋಕಸ್ ಲೈಟ್ ಬಿಟ್ಟರೆ ನಡೆಯುತ್ತದೆ. ಮೆಡಿಕಲ್, ಹೋಟೆಲ್, ಲಾಡ್ಜ್, ಬೇಕರಿಗೆ ಬೆಳಕು ಬೇಕೇ ಬೇಕು.

ಹಿಂದೆ ಗ್ಲೋ ಸೈನ್ ಪೆಟ್ಟಿಗೆಯೊಳಗೆ ಟ್ಯೂಬ್‌ಲೈಟ್ ಇರುತ್ತಿತ್ತು. ಈಗ 12 ವೋಲ್ಟ್‌ನ ಎಲ್‌ಇಡಿ ಮಾಡ್ಯೂಲ್‌ಗಳು ಬಂದಿವೆ. ಮನೆಯ 230 ವೋಲ್ಟ್ ಕರೆಂಟನ್ನು 12ಕ್ಕೆ ಇಳಿಸುವ ಪೆಟ್ಟಿಗೆಗೆ ಎಸ್‌ಎಂಪಿಎಸ್ ಅಂತಾರೆ. ‘ಬೋರ್ಡ್ ಕೆಟ್ಟೋಯ್ತು’ ಅನ್ನುವ ಎಷ್ಟೋ ಸಲ ಕೆಟ್ಟಿರೋದು ಎಲ್‌ಇಡಿ ಅಲ್ಲ, ಈ ಎಸ್‌ಎಂಪಿಎಸ್. ಅದನ್ನು ಕೈಗೆ ಸಿಗುವ, ಮಳೆ ಬೀಳದ ಜಾಗದಲ್ಲಿ ಇಡಿಸಿದರೆ ಬೋರ್ಡ್ ಬಿಚ್ಚದೇ ರಿಪೇರಿ ಆಗುತ್ತದೆ.

ಮೆಡಿಕಲ್ ಶಾಪ್‌ಗಳಲ್ಲಿ ಕೆಂಪು ಅಕ್ಷರ ಓಡುವ ಬೋರ್ಡ್ ಹೆಚ್ಚಾಗಿ ಪಿ10 ಜಾತಿಯದು. ಎರಡು ಎಲ್‌ಇಡಿ ಚುಕ್ಕೆಗಳ ನಡುವೆ 10 ಮಿ.ಮೀ. ಅಂತರ ಇರುವುದರಿಂದ ಆ ಹೆಸರು. ಇದರ ಒಂದು ಪ್ಯಾನೆಲ್‌ನಲ್ಲಿ ಮೇಲಿಂದ ಕೆಳಗೆ 16 ಚುಕ್ಕೆ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಇರುವುದರಿಂದ 16 ಚುಕ್ಕೆಯಲ್ಲಿ ಎಲ್ಲ ಕಲಸಿಹೋಗುತ್ತದೆ. ಪ್ಯಾನೆಲ್ ಎರಡು ಸಾಲು ಹಾಕಿಸಿ 32 ಚುಕ್ಕೆ ಮಾಡಿಕೊಂಡರೆ ಕನ್ನಡ ಸ್ಪಷ್ಟವಾಗಿ ಓದೋಕಾಗುತ್ತದೆ.

ಹೆದ್ದಾರಿ ಬದಿಯ ಡಾಬಾ, ಪಂಕ್ಚರ್ ಶಾಪ್‌ನವರಿಗೆ ಕರೆಂಟ್ ಇಲ್ಲದ ದಾರಿಯೂ ಇದೆ. ರಿಫ್ಲೆಕ್ಟಿವ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಅಂಟಿಸಿದರೆ ಗಾಡಿಯ ಹೆಡ್‌ಲೈಟ್ ಬಿದ್ದಾಗ ಹೊಳೆಯುತ್ತದೆ. ರಸ್ತೆ ಸೂಚನಾ ಫಲಕ, ವಾಹನದ ನಂಬರ್ ಪ್ಲೇಟ್‌ನಲ್ಲಿ ಇರುವುದೂ ಇದೇ ತತ್ವ.

ಬೆನ್ನಿನ ಲೆಕ್ಕ: ಗಾಳಿ ಎಷ್ಟು ತಳ್ಳುತ್ತದೆ?

2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ ದೊಡ್ಡ ಹೋರ್ಡಿಂಗ್ ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಮಂದಿ ಸತ್ತರು. ಅಲ್ಲಿ 40 ಅಡಿಗೆ 40 ಅಡಿಯ ಮಿತಿ ಇತ್ತು. ನಿಲ್ಲಿಸಿದ್ದು 120 ಅಡಿಗೆ 120 ಅಡಿ. ನಮ್ಮ ಊರಿನ ಬೋರ್ಡ್‌ಗಳು ಅಷ್ಟು ದೊಡ್ಡದಿಲ್ಲ ನಿಜ. ಆದರೆ ಗಾಳಿಯ ಲೆಕ್ಕ ಎಲ್ಲ ಕಡೆ ಒಂದೇ.

ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಬಯಲಿಗೆ ನಿಲ್ಲಿಸಿದ 10 ಅಡಿಗೆ 3 ಅಡಿಯ ಬೋರ್ಡ್‌ಗೆ ಗಂಟೆಗೆ 60 ಕಿ.ಮೀ. ಗಾಳಿ ನೇರವಾಗಿ ಬಡಿದರೆ ಸುಮಾರು 45ರಿಂದ 50 ಕೆ.ಜಿ. ಭಾರ ಒರಗಿದಂತೆ. 100 ಕಿ.ಮೀ. ಗಾಳಿಗೆ ಅದೇ ಬೋರ್ಡ್ ಮೇಲೆ 130 ಕೆ.ಜಿ. 20 ಅಡಿಗೆ 10 ಅಡಿಯದ್ದಾದರೆ 850 ಕೆ.ಜಿ. ದಾಟುತ್ತದೆ. ಇಷ್ಟನ್ನು ನಾಲ್ಕು ಮೊಳೆ, ಒಂದಿಷ್ಟು ಬೈಂಡಿಂಗ್ ವೈರ್ ಹಿಡಿದಿಡುತ್ತದೆ ಅನ್ನೋಕಾಗುತ್ತಾ?

ಚೌಕಟ್ಟಿಗೆ ಬಳಸುವುದು ಸಾಮಾನ್ಯವಾಗಿ ಕಬ್ಬಿಣದ ಚೌಕ ಪೈಪ್. ಅದಕ್ಕೆ ಮೊದಲು ರೆಡ್ ಆಕ್ಸೈಡ್, ಆಮೇಲೆ ಬಣ್ಣ ಬೀಳಬೇಕು. ವೆಲ್ಡಿಂಗ್ ಮಾಡಿದ ಜಾಗದಲ್ಲಿ ತುಕ್ಕು ಮೊದಲು ಬರುವುದರಿಂದ ವೆಲ್ಡಿಂಗ್ ಮುಗಿದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಪೈಪಿನ ತೆರೆದ ತುದಿ ಮುಚ್ಚದಿದ್ದರೆ ನೀರು ಒಳಗೆ ನಿಂತು, ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗಿನಿಂದ ತಿನ್ನುತ್ತದೆ. ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಜಿಐ ಪೈಪೋ ಅಲ್ಯೂಮಿನಿಯಮ್ಮೋ ವಾಸಿ. ಅಲ್ಯೂಮಿನಿಯಂಗೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಒದ್ದೆಯಲ್ಲಿ ಎರಡು ಲೋಹ ತಾಗಿಕೊಂಡು ಸವೆತ ಬೇಗ ಆಗುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಬೇಕು.

ಗೋಡೆಗೆ ಹಿಡಿತ ಸಿಗೋದು ಗಾರೆಯಲ್ಲಲ್ಲ, ಒಳಗಿನ ಕಾಂಕ್ರೀಟ್ ಬೀಮ್ ಅಥವಾ ಗಟ್ಟಿ ಇಟ್ಟಿಗೆಯಲ್ಲಿ. ಆ್ಯಂಕರ್ ಬೋಲ್ಟ್ ಅಲ್ಲಿಗೆ ತಲುಪಿರಬೇಕು. ಹೆಂಚಿನ ಮಾಡು, ಹಳೇ ಮಣ್ಣಿನ ಗೋಡೆ ಇರುವ ಅಂಗಡಿಗೆ ಭಾರದ ಎಸಿಪಿ ಬೋರ್ಡಿಗಿಂತ ಹಗುರ ತಗಡು ಬೋರ್ಡೇ ಸುರಕ್ಷಿತ.

ಕರೆಂಟ್ ವಿಷಯದಲ್ಲಿ ರಾಜಿ ಬೇಡ

ಒಳಗಿನ ಎಲ್‌ಇಡಿ 12 ವೋಲ್ಟ್ ಇರಬಹುದು, ಬೋರ್ಡ್‌ವರೆಗೆ ಬರುವ ವೈರ್ 230 ವೋಲ್ಟ್. ಮಳೆಯಲ್ಲಿ ಅದು ಚೌಕಟ್ಟಿಗೆ ತಾಗಿದರೆ ಶಟರ್ ಎಳೆಯುವವರ ಕೈಗೆ ಶಾಕ್. ಬೋರ್ಡ್‌ಗೆ ಪ್ರತ್ಯೇಕ ಸ್ವಿಚ್, ಚೌಕಟ್ಟಿಗೆ ಅರ್ಥಿಂಗ್, ಲೈನಿಗೆ ಎಂಸಿಬಿ ಜೊತೆ ಸೋರಿಕೆ ಆದ ಕೂಡಲೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ಕಬ್ಬಿಣದ ಬೋರ್ಡನ್ನು ವಿದ್ಯುತ್ ಕಂಬಕ್ಕೆ ಕಟ್ಟುವುದು, ತಂತಿ ಕೆಳಗೆ ಉದ್ದದ ಪೈಪ್ ಎತ್ತಿ ನಿಲ್ಲಿಸುವುದು ಜೀವಕ್ಕೆ ಅಪಾಯ. ಬೋರ್ಡ್ ಏರಿಸುವ ಹುಡುಗರು ಮೊದಲು ಮೇಲಿನ ತಂತಿ ನೋಡಲಿ.

60 ಪರ್ಸೆಂಟ್ ಕನ್ನಡ: ಅಳತೆ ಹೀಗೆ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯಂತೆ ಅಂಗಡಿ, ಹೋಟೆಲ್, ಆಸ್ಪತ್ರೆ, ಕಾರ್ಖಾನೆ ಸೇರಿದಂತೆ ವಾಣಿಜ್ಯ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು. ಬರಹಕ್ಕೆ 20 ಚದರ ಅಡಿ ಜಾಗ ಇದ್ದರೆ ಕನ್ನಡಕ್ಕೆ 12, ಉಳಿದದ್ದಕ್ಕೆ 8. ಬೋರ್ಡ್ ಮಾಡಿಸಿ ಆದ ಮೇಲೆ ಮೂಲೆಯಲ್ಲಿ ಕನ್ನಡದ ಸ್ಟಿಕ್ಕರ್ ಅಂಟಿಸಿದರೆ ನಿಯಮಕ್ಕೂ ಸಾಲದು, ಕಣ್ಣಿಗೂ ಕಾಣದು.

ಅಕ್ಷರ ಎಷ್ಟು ದೊಡ್ಡದಿರಬೇಕು? ಬೋರ್ಡ್ ಕೆಲಸದಲ್ಲಿ ಒಂದು ಅಂದಾಜು ಬಳಕೆಯಲ್ಲಿದೆ: ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಆರಾಮಾಗಿ ಓದಿಸಿಕೊಳ್ಳುತ್ತದೆ. ರಸ್ತೆಯ ಆ ಬದಿ 60 ಅಡಿ ದೂರ ಇದ್ದರೆ 6 ಇಂಚು. ಕನ್ನಡದಲ್ಲಿ ಈ ಎತ್ತರವನ್ನು ಮೂಲ ಅಕ್ಷರಕ್ಕೆ ಅಳೆಯಬೇಕು, ಒತ್ತಕ್ಷರ ಸೇರಿಸಿ ಅಲ್ಲ. ‘ಸ್ಟೋರ್ಸ್’ ಅಂತ ಬರೆದರೆ ಕೆಳಗೆ ಒತ್ತು, ಪಕ್ಕದಲ್ಲಿ ಅರ್ಕಾವತ್ತು ಎಲ್ಲಕ್ಕೂ ಜಾಗ ಬೇಕು. ಇಂಗ್ಲಿಷ್‌ಗೆ ಮಾಡಿದ ಡಿಸೈನ್‌ನಲ್ಲಿ ಕನ್ನಡ ತುರುಕಿದರೆ ಒತ್ತು ಕೆಳಗಿನ ಸಾಲಿಗೆ ತಾಗೋದು ಇದೇ ಕಾರಣಕ್ಕೆ.

ಕಾಗುಣಿತ ಇನ್ನೊಂದು ತಲೆನೋವು. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್ ಫಾಂಟ್‌ಗೆ ಬದಲಿಸಿದರೆ ಅಕ್ಷರ ಚೆಲ್ಲಾಪಿಲ್ಲಿ ಆಗುತ್ತದೆ. ‘ಶುಭಾಶಯ’ ಎಷ್ಟೋ ಬ್ಯಾನರ್‌ಗಳಲ್ಲಿ ‘ಶುಭಾಷಯ’ ಆಗಿ ರಾರಾಜಿಸುತ್ತದೆ. ಪ್ರಿಂಟ್‌ಗೆ ಹೋಗುವ ಮುಂಚೆ ಡಿಸೈನನ್ನು ಮೊಬೈಲ್‌ಗೆ ತರಿಸಿಕೊಂಡು ಕನ್ನಡ ಚೆನ್ನಾಗಿ ಬರುವ ಇಬ್ಬರಿಗೆ ತೋರಿಸಿದರೆ ಖರ್ಚಿಲ್ಲದೆ ಮರ್ಯಾದೆ ಉಳಿಯುತ್ತದೆ.

ಯಾರಿಗೆ ಯಾವುದು?

- ಹಳ್ಳಿಯ ಕಿರಾಣಿ, ಹಿಟ್ಟಿನ ಗಿರಣಿ, ಸೈಕಲ್ ಶಾಪ್: ಜಿಐ ತಗಡಿನ ಮೇಲೆ ಕೈಬರಹ ಅಥವಾ ಗೋಡೆ ಬರಹ.
- ಪೇಟೆಯ ಬಟ್ಟೆ, ಮೊಬೈಲ್, ಚಪ್ಪಲಿ ಅಂಗಡಿ: ಎಸಿಪಿ ಹಲಗೆ, ಅಕ್ರಿಲಿಕ್ ಅಕ್ಷರ.
- ಮೆಡಿಕಲ್, ಬೇಕರಿ, ಲಾಡ್ಜ್: ಎಲ್‌ಇಡಿ ಬೆಳಕಿನ ಬೋರ್ಡ್.
- ವಕೀಲರ ಕಚೇರಿ, ಕ್ಲಿನಿಕ್‌ನ ಬಾಗಿಲು: ಹಿತ್ತಾಳೆ, ಸ್ಟೀಲ್ ಅಥವಾ ಅಕ್ರಿಲಿಕ್ ಫಲಕ.
- ಹೆದ್ದಾರಿ ಬದಿ: ತಗಡಿನ ಮೇಲೆ ರಿಫ್ಲೆಕ್ಟಿವ್ ಅಕ್ಷರ.
- ನಾಲ್ಕು ದಿನದ ಸೇಲ್, ಮೇಳ: ಬಟ್ಟೆ ಬ್ಯಾನರ್.

ಅಡ್ವಾನ್ಸ್ ಕೊಡುವ ಮುನ್ನ

ರಸ್ತೆಗೆ ಚಾಚುವ ಬೋರ್ಡ್, ಕಟ್ಟಡದ ಮೇಲಿನ ಹೋರ್ಡಿಂಗ್‌ಗೆ ಆಯಾ ನಗರಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯಲ್ಲಿ ವಿಚಾರಿಸಿ ಅನುಮತಿ ಪಡೆಯಬೇಕು. ಹೆದ್ದಾರಿ ಜಾಗವಾದರೆ ಹೆದ್ದಾರಿಯವರ ಒಪ್ಪಿಗೆಯೂ ಬೇಕು. ಅದು ಮುಗಿದ ಮೇಲೆ ಬೋರ್ಡ್ ಮಾಡುವವರಿಗೆ ಇಷ್ಟು ಕೇಳಿ: ಹಾಳೆಯ ದಪ್ಪ ಎಷ್ಟು, ಲೇಪನ ಯಾವುದು? ಪೈಪ್ ಯಾವುದು, ಪ್ರೈಮರ್ ಹಾಕ್ತೀರಾ? ಬೋಲ್ಟ್ ಎಷ್ಟು, ಎಲ್ಲಿಗೆ? ಎಸ್‌ಎಂಪಿಎಸ್ ಎಲ್ಲಿ ಇಡ್ತೀರಿ, ಗ್ಯಾರಂಟಿ ಎಷ್ಟು ದಿನ? ಉತ್ತರಗಳು ಬಿಲ್‌ನಲ್ಲಿ ಬರಲಿ.

ಬೋರ್ಡ್ ಏರಿದ ಮೇಲೂ ಕೆಲಸ ಇದೆ. ಪ್ರತಿ ವರ್ಷ ಮೇ ತಿಂಗಳೊಳಗೆ ಒಮ್ಮೆ ಏಣಿ ಹಾಕಿಸಿ ಬೋಲ್ಟ್ ಬಿಗಿ ಇದೆಯಾ, ವೈರ್ ಸಿಪ್ಪೆ ಹೋಗಿದೆಯಾ, ತುಕ್ಕು ಎಲ್ಲಿ ಶುರುವಾಗಿದೆ ನೋಡಿಸಬೇಕು. ಒಂದು ಡಬ್ಬಿ ರೆಡ್ ಆಕ್ಸೈಡ್, ನಾಲ್ಕು ಹೊಸ ಬೋಲ್ಟ್‌ನಲ್ಲಿ ಮುಗಿಯುವ ಕೆಲಸ ಅದು. ಅಂಗಡಿ ಖಾಲಿ ಮಾಡಿಕೊಂಡು ಹೋಗುವವರು ಹಳೇ ಚೌಕಟ್ಟನ್ನೂ ಇಳಿಸಿಕೊಂಡೇ ಹೋಗಬೇಕು. ಹೆಸರಿಲ್ಲದ, ಯಾರೂ ತಿರುಗಿ ನೋಡದ ಚೌಕಟ್ಟು ಮಳೆಗಾಲದಲ್ಲಿ ಎಲ್ಲಕ್ಕಿಂತ ಅಪಾಯ.